ತಡೆದು ನಿಲ್ಲಿಸಿದ ದೋಷ

‘ಕನ್ನಡ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅವು ಐದು: ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್‌ಗಳಂತೆ ಒಟ್ಟು 15.

ನಾಲ್ಕು ದಶಕ ವ್ಯಾಕರಣ ಬೋಧಿಸಿದ ನನಗೆ ಈ ಲೆಕ್ಕವನ್ನು ಕಲಿಸಿದ್ದು ಒಂದು ಡೇಟಾಬೇಸ್ ಸರ್ವರಿನ ಹಠ. ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುವ ಬೇಸಾಯದ ಪದಗಳನ್ನು ಸಂಗ್ರಹಿಸಿಡಲು ನನ್ನ ಹಳೆಯ ಶಿಷ್ಯನೊಬ್ಬನು ಬಾಡಿಗೆಯ ಸರ್ವರಿನಲ್ಲಿ ಮೈಎಸ್‌ಕ್ಯೂಎಲ್ 5.7 ಅನ್ನು ಸಿದ್ಧಪಡಿಸಿದ್ದನು. ಕನ್ನಡದ ಪದವನ್ನು ಸೇರಿಸಹೊರಟರೆ ಸಾಕು, ‘ಇದು ಸರಿಯಾದ ಪಠ್ಯವಲ್ಲ’ ಎಂಬರ್ಥದ ಸಂದೇಶ ಅಡ್ಡ ನಿಲ್ಲುತ್ತಿತ್ತು. ಸ್ವೀಡನ್ನಿನಲ್ಲಿ ಹುಟ್ಟಿದ ಆ ತಂತ್ರಾಂಶವು, ನಾವು ಬೇರೆ ಹೇಳದಿದ್ದರೆ, ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಲ್ಯಾಟಿನ್-1 ಅಕ್ಷರಗಣವನ್ನೇ ಹಿಡಿಯುತ್ತಿತ್ತು. ಪದಗಳನ್ನು ಜೋಡಿಸುವ ಕ್ರಮವೂ ಸ್ವೀಡಿಷ್ ಭಾಷೆಯದೇ! 2018ರಲ್ಲಿ ಬಂದ 8.0 ಆವೃತ್ತಿಯಿಂದ ಈ ಪದ್ಧತಿ ಬದಲಾಯಿತು.

ಶಿಷ್ಯನು ಸಂರಚನೆಯ ಕಡತದಲ್ಲಿ ಅಕ್ಷರಗಣವನ್ನು ತಿದ್ದಿ ಸರ್ವರನ್ನು ಮತ್ತೆ ಚಾಲೂ ಮಾಡಿದನು. ದೋಷ ಕದಲಲಿಲ್ಲ. ಎರಡು ದಿನ ಹೆಣಗಿದ ಬಳಿಕ, “ಸ್ಟ್ರಿಕ್ಟ್ ಮೋಡ್ ತೆಗೆದುಬಿಡ್ತೀನಿ ಸರ್, ಸುಮ್ಮನಾಗುತ್ತೆ” ಎಂದನು. ಹಾಗೆಯೇ ಸುಮ್ಮನಾಯಿತು. ಅಂದು ಸಂಜೆ ವೃದ್ಧ ರೈತರೊಬ್ಬರು ದೂರವಾಣಿಯಲ್ಲಿ ಹೇಳಿದ ಹನ್ನೆರಡು ಪದಗಳನ್ನು ಆತನು ನೇರವಾಗಿ ಸರ್ವರಿಗೇ ಸೇರಿಸಿದನು. ಮರುದಿನ ತೆರೆದರೆ ಪ್ರತಿಯೊಂದು ಪದದ ಜಾಗದಲ್ಲಿಯೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲು!

ಕಾರಣವು ಆಮೇಲೆ ತಿಳಿಯಿತು. ಸರ್ವರಿನ ನಿಯಮವನ್ನು ಬದಲಿಸಿದರೂ, ಮೊದಲೇ ರಚಿಸಿದ ಕೋಷ್ಟಕಗಳು ತಾವು ಹುಟ್ಟಿದಾಗಿನ ಅಕ್ಷರಗಣವನ್ನು ಬಿಡುವುದಿಲ್ಲ. ಕೋಷ್ಟಕದ ಅಂಕಣಕ್ಕೆ ಕನ್ನಡ ಹಿಡಿಯಬೇಕು. ಸರ್ವರಿನೊಡನೆ ಮಾತನಾಡುವ ಸಂಪರ್ಕಕ್ಕೂ ಅದೇ ಲಿಪಿ ಎಂದು ತಿಳಿಸಿರಬೇಕು. ಕೋಷ್ಟಕವನ್ನು ಯುಟಿಎಫ್8ಎಂಬಿ4ಕ್ಕೆ ಪರಿವರ್ತಿಸಿ, ತೆಗೆದಿದ್ದ ಕಟ್ಟುನಿಟ್ಟನ್ನು ಮರಳಿ ತಂದ ಮೇಲೆ ಕನ್ನಡವು ನೆಲೆ ನಿಂತಿತು. ಆದರೆ ಪ್ರಶ್ನೆಗಳಾಗಿ ಹೋದ ಪದಗಳು ಮರಳಲಿಲ್ಲ. ಅಲ್ಲಿ ಮೂಲದ ಬೈಟ್‌ಗಳೇ ಅಳಿದುಹೋಗಿರುತ್ತವೆ.

ವೃದ್ಧರನ್ನು ಪುನಃ ಕೇಳಿದಾಗ ಏಳು ಪದಗಳು ಅವರ ನೆನಪಿಗೆ ಬಂದವು, ಐದು ಬರಲಿಲ್ಲ.

ತರಗತಿಯಲ್ಲಿ “ಅರ್ಥವಾಗಲಿಲ್ಲ ಸರ್” ಎಂದು ಎದ್ದು ನಿಲ್ಲುವ ಹುಡುಗನಿಂದ ಪಾಠವು ಸ್ವಲ್ಪ ತಡವಾಗಬಹುದು, ಅಷ್ಟೆ. ಉಪಾಧ್ಯಾಯನು ಅಂಜಬೇಕಾದದ್ದು ಎಲ್ಲಕ್ಕೂ ತಲೆಯಾಡಿಸಿ ಕುಳಿತವನಿಗೆ. ಸರ್ವರಿನ ಆ ಹಠಮಾರಿ ಸಂದೇಶವು ಮೊದಲನೆಯ ಹುಡುಗನಂತೆ ಎದ್ದು ನಿಂತಿತ್ತು. ನಾವು ಅವನನ್ನು ಕೂರಿಸಿಬಿಟ್ಟೆವು. ಕಳೆದ ಐದು ಪದಗಳ ಸಾಲುಗಳನ್ನು ಅಳಿಸದೆ ಹಾಗೆಯೇ ಇಟ್ಟಿದ್ದೇವೆ. ಎಂದಾದರೊಂದು ದಿನ, ಯಾವುದಾದರೊಂದು ಗದ್ದೆಯ ಬದುವಿನಲ್ಲಿ, ಅವು ಮತ್ತೆ ಕಿವಿಗೆ ಬಿದ್ದಾವು.