ಮೊಮ್ಮಗನ ಗಣಕಯಂತ್ರ

ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ಹತ್ತು ಹೆಜ್ಜೆ ನಡೆಸಿ ನೋಡಿ ಹಣ ಕೊಡುವುದು ನಮ್ಮ ಹಿರಿಯರ ಪದ್ಧತಿ. ಗಣಕಯಂತ್ರವನ್ನು ಕೊಳ್ಳುವಾಗ ಮಾತ್ರ ನಾವು ಆ ವಿವೇಕವನ್ನು ಮನೆಯಲ್ಲಿಯೇ ಬಿಟ್ಟು ಹೋದೆವು. ಅದರಿಂದ ಹಣ ಹೋದುದಕ್ಕಿಂತ ಹೆಚ್ಚಾಗಿ, ಕೊಟ್ಟ ಮಾತೊಂದು ಹೋಗುವುದರಲ್ಲಿತ್ತು. ಸದ್ಭಕ್ತರ ಮನೆಗಳಲ್ಲಿಯೂ ಇಂಥ ಪ್ರಸಂಗ ಬರುವುದುಂಟೆಂದು ಇದನ್ನು ಬರೆಯುತ್ತಿದ್ದೇವೆ.

ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದರೆ ಕೇಳಿದುದನ್ನು ಕೊಡಿಸುವೆವೆಂದು ಮೊಮ್ಮಗನಿಗೆ ಮಾತು ಕೊಟ್ಟಿದ್ದೆವು. 2025ರ ಏಪ್ರಿಲ್‌ನಲ್ಲಿ ಫಲಿತಾಂಶ ಬಂದಾಗ ಅವನು ಕೇಳಿದ್ದು ಆಟವಾಡುವ ಗಣಕಯಂತ್ರವನ್ನು. ನಮಗೆ ಅದು ರುಚಿಸಲಿಲ್ಲ. ಮಾತನ್ನು ಮುರಿಯುವಂತಿಲ್ಲ, ಮನಸ್ಸು ಒಪ್ಪುವುದಿಲ್ಲ. ಕೊನೆಗೆ ಅವನನ್ನು ಕೇಳದೆಯೇ ಪೇಟೆಗೆ ಹೋಗಿ, 24,000 ರೂಪಾಯಿಗೆ ಒಂದು ಯಂತ್ರವನ್ನು ತಂದೆವು. ‘ಐ7 ಪ್ರೊಸೆಸರ್, 2 ಜಿಬಿ ಗ್ರಾಫಿಕ್ಸ್ ಕಾರ್ಡ್’ ಎಂದು ಅಂಗಡಿಯವರು ಹೇಳಿದರು. ಅವರು ಸುಳ್ಳಾಡಲಿಲ್ಲ. ಆದರೆ ಆ ಐ7 ಮೂರನೆಯ ಪೀಳಿಗೆಯದು, 2012ರದು. ಗ್ರಾಫಿಕ್ಸ್ ಕಾರ್ಡ್ 2014ರ ಮಾದರಿಯದು. ಅವರಾಗಿ ಹೇಳಲಿಲ್ಲ, ನಾವಾಗಿ ಕೇಳಲಿಲ್ಲ.

ಮೊಮ್ಮಗನು ನೋಡಿ, “ಛಲೋ ಐತ್ರಿ ಅಜ್ಜಾ” ಎಂದಷ್ಟೇ ಹೇಳಿದನು. ಮೂರು ವಾರಗಳ ಬಳಿಕ ಗಮನಿಸಿದರೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಹುಡುಗ ಆಟಕ್ಕೆ ಗೆಳೆಯನ ಮನೆಗೆ ಹೋಗುತ್ತಿದ್ದನು. ಕಾರಣ ಕೇಳಿದಾಗ ಅವನು ತಲೆ ತಗ್ಗಿಸಿ, “ನೀವು ಪ್ರೀತೀಲೆ ತಂದದ್ದನ್ನ ಬ್ಯಾಡ ಅನ್ನೂದು ಹೆಂಗ್ರಿ ಅಜ್ಜಾ?” ಎಂದನು.

ಆ ಮಾತು ನಮ್ಮನ್ನು ಚುಚ್ಚಿತು. ಏಕೆಂದರೆ ನಾವು ಅದನ್ನು ಪ್ರೀತಿಯಿಂದ ತಂದಿರಲಿಲ್ಲ. ಮಾತಿನ ಋಣ ಹರಿದರೆ ಸಾಕೆಂದು ತಂದಿದ್ದೆವು. ನಡೆ ನುಡಿಗಳು ಒಂದಾಗಿರಬೇಕೆಂದು ನಲವತ್ತು ವರ್ಷ ಪ್ರವಚನ ಹೇಳಿದ ನಮ್ಮ ನುಡಿ ಹೊರಗೆ ಉಳಿದು, ನಡೆ ಒಳಗೆ ಮುರಿದಿತ್ತು. ಆ ರಾತ್ರಿ ಅವನನ್ನು ಕರೆದು, “ತಪ್ಪು ನಮ್ಮದು. ಈ ವಿದ್ಯೆಯನ್ನು ನಮಗೆ ಕಲಿಸು” ಎಂದೆವು. ವಯಸ್ಸಿನಲ್ಲಿ ಕಿರಿಯರಾದ ಚನ್ನಬಸವಣ್ಣನವರ ಅರಿವಿಗೆ ಹಿರಿಯ ಶರಣರು ತಲೆಬಾಗಿದರೆಂಬುದನ್ನು ಎಷ್ಟೋ ಸಲ ಹೇಳಿದ್ದೆವು. ಆಚರಿಸಿದ್ದು ಅಂದೇ ಮೊದಲು.

ಅವನು ಕಲಿಸಿದ್ದನ್ನು ಸಂಗ್ರಹಿಸಿ ಹೇಳುತ್ತೇವೆ. ಆಟದ ಯಂತ್ರದಲ್ಲಿ ಮುಖ್ಯವಾದುದು ಗ್ರಾಫಿಕ್ಸ್ ಕಾರ್ಡ್. ಪರದೆಯ ಮೇಲಿನ ಚಿತ್ರಗಳನ್ನು ರಚಿಸುವ ಕೆಲಸ ಅದರದು. ಆದ್ದರಿಂದ ಒಟ್ಟು ಹಣದ ಮೂರನೆಯ ಒಂದು ಭಾಗವನ್ನಾದರೂ ಅದಕ್ಕೆ ಮೀಸಲಿಡಬೇಕು. ಪ್ರೊಸೆಸರ್ ಮಧ್ಯಮ ತರಗತಿಯದಾದರೆ ಸಾಕು. ಆದರೆ ಹೆಸರಿಗೆ ಮರುಳಾಗದೆ ಅದು ಯಾವ ವರ್ಷದ್ದೆಂದು ಕೇಳಬೇಕು. ಮೆಮೊರಿ 16 ಜಿಬಿ ಬೇಕು. ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳನ್ನು ಹಾಕಿದರೆ ವೇಗ ಹೆಚ್ಚು. ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸಬಲ್ಲದೆಂಬುದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ. ಕಾರ್ಡ್ ಎಷ್ಟೇ ಚುರುಕಾಗಿದ್ದರೂ ಪರದೆ 60 ಹರ್ಟ್ಜ್‌ನದಾದರೆ ಕಣ್ಣಿಗೆ ಕಾಣುವುದು ಅಷ್ಟೇ.

ಜನರು ಹಣ ಉಳಿಸಲು ಹೋಗಿ ಕೆಡುವುದು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಲ್ಲಿ. ಅಗ್ಗದ ಎಸ್‌ಎಂಪಿಎಸ್ ಕೆಟ್ಟಾಗ ಬೆಲೆಬಾಳುವ ಭಾಗಗಳನ್ನೂ ಜೊತೆಗೆ ಸುಡಬಹುದು. ಹೊಲಕ್ಕೆ ಒಳ್ಳೆಯ ಬೀಜ ತಂದು ಬಾವಿಯನ್ನು ಮರೆತಂತೆ ಅದು.

ಪುಸ್ತಕಗಳಿಗೆಂದು ಕೂಡಿಟ್ಟಿದ್ದ ಹಣವನ್ನು ತೆಗೆದುಕೊಂಡು, ಜೂನ್ ತಿಂಗಳಲ್ಲಿ ಅಜ್ಜ ಮೊಮ್ಮಗ ಇಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಅವನು ಚೀಟಿ ಹಿಡಿದಿದ್ದನು. ನಾವು ಚೀಲ ಹಿಡಿದಿದ್ದೆವು. ಲೆಕ್ಕ ಹೀಗಾಯಿತು: 8 ಜಿಬಿಯ ಆರ್‌ಟಿಎಕ್ಸ್ 4060 ಕಾರ್ಡ್‌ಗೆ 27,000, ಆರು ಕೋರ್‌ಗಳ ರೈಜೆನ್ 5 5600 ಪ್ರೊಸೆಸರ್‌ಗೆ 9,500, ಮದರ್‌ಬೋರ್ಡ್‌ಗೆ 8,500, ಮೆಮೊರಿಗೆ 3,500, ಒಂದು ಟಿಬಿಯ ಎಸ್‌ಎಸ್‌ಡಿಗೆ 5,000, 550 ವ್ಯಾಟ್‌ನ ಎಸ್‌ಎಂಪಿಎಸ್‌ಗೆ 4,000, ಕ್ಯಾಬಿನೆಟ್‌ಗೆ 3,500, 165 ಹರ್ಟ್ಜ್‌ನ ಪರದೆಗೆ 9,500, ಕೀಲಿಮಣೆ ಮತ್ತು ಮೌಸ್‌ಗೆ 1,500, ಒಟ್ಟು 72,000 ರೂಪಾಯಿ. ಪ್ರತಿಯೊಂದು ಭಾಗಕ್ಕೂ ವಾರಂಟಿ ಬೇರೆಯಾದ್ದರಿಂದ ಬಿಲ್ಲಿನಲ್ಲಿ ಕ್ರಮಸಂಖ್ಯೆಗಳನ್ನು ಬರೆಸಿದೆವು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಬಹಳ ಏರಿತು. ಆದ್ದರಿಂದ ಕೊಳ್ಳುವವರು ನಮ್ಮ ಅಂಕಿಗಳನ್ನಲ್ಲ, ಹಣ ಹಂಚಿದ ಪ್ರಮಾಣವನ್ನು ಗಮನಿಸಬೇಕು.

ಇನ್ನು ಆಟದ ವಿಷಯ. ಆಟವೆಂದರೆ ಜೂಜೆಂಬ ಭಯ ನಮಗಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕೌಶಲದ ಪೈಪೋಟಿಯಾದ ಇ-ಕ್ರೀಡೆಯನ್ನು ಅದೇ ಕಾಯಿದೆ ಬೇರೆಯಾಗಿ ಮಾನ್ಯ ಮಾಡಿತು. ಆದರೂ ಆಟದೊಳಗೆ ವೇಷ, ಆಯುಧಗಳನ್ನು ಮಾರುವ ಅಂಗಡಿಗಳಿರುತ್ತವೆ. ಹಿರಿಯರ ಬ್ಯಾಂಕ್ ಕಾರ್ಡಿನ ವಿವರ ಆ ಯಂತ್ರದಲ್ಲಿ ಇರಕೂಡದೆಂಬುದು ನಮ್ಮ ಮನೆಯ ಮೊದಲನೆಯ ನಿಯಮ. ಯಂತ್ರವನ್ನು ಮುಚ್ಚಿದ ಕೋಣೆಯಲ್ಲಿಡದೆ ಪಡಸಾಲೆಯಲ್ಲಿಟ್ಟದ್ದು ಎರಡನೆಯದು.

ಮೂರನೆಯದು ಹೊತ್ತಿನ ನಿಯಮ. ಅದನ್ನು ಮಠದಿಂದಲೇ ತಂದೆವು. ನಾವು ಮಠದಲ್ಲಿ ಓದುವಾಗ ಸಂಜೆ ಒಂದು ಗಂಟೆ ಚೆಂಡಾಟವಿತ್ತು. ಚೆಂಡು ಹರಿದಾಗ ಪೂಜ್ಯರೇ ಹೊಸದನ್ನು ತರಿಸಿಕೊಟ್ಟಿದ್ದರು. ಪ್ರಾರ್ಥನೆಯ ಗಂಟೆ ಬಾರಿಸಿದೊಡನೆ ಚೆಂಡು ಉಗ್ರಾಣ ಸೇರಬೇಕಿತ್ತು. ಅವರು ಆಟವನ್ನು ಎಂದೂ ಹಳಿಯಲಿಲ್ಲ, ಗಂಟೆಯನ್ನು ಎಂದೂ ಸಡಿಲಿಸಲಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಂಡದ್ದು ನಮ್ಮ ದೋಷ.

ಈಗ ಸಂಜೆ ಇಷ್ಟಲಿಂಗ ಪೂಜೆಯ ಹೊತ್ತಿಗೆ ಮೊಮ್ಮಗನು ತಾನಾಗಿ ಯಂತ್ರವನ್ನು ನಿಲ್ಲಿಸಿ ಏಳುತ್ತಾನೆ. ಕೆಲವು ದಿನ ತಡವಾಗುವುದೂ ಉಂಟು. ಆಗ ನಾವು ಗದರುವುದಿಲ್ಲ, ಹಿಂದೆ ನಿಂತು ಕೆಮ್ಮುತ್ತೇವೆ, ಅಷ್ಟು ಸಾಕಾಗುತ್ತದೆ.

ಮೊದಲು ತಂದ ಯಂತ್ರವನ್ನು ಮೊಮ್ಮಗನೇ ಶುಚಿಗೊಳಿಸಿ, ಉಚಿತವಾಗಿ ದೊರೆಯುವ ಲಿನಕ್ಸ್ ತಂತ್ರಾಂಶವನ್ನು ಅಳವಡಿಸಿ, ನಮ್ಮೂರ ಪ್ರಸಾದ ನಿಲಯಕ್ಕೆ ಕೊಟ್ಟು ಬಂದನು. ಅಲ್ಲಿಯ ಮಕ್ಕಳು ಅದರಲ್ಲಿ ಕನ್ನಡ ಬೆರಳಚ್ಚು ಕಲಿಯುತ್ತಿದ್ದಾರೆ. ಆ ಯಂತ್ರ ಕೆಟ್ಟದ್ದಾಗಿರಲಿಲ್ಲ; ಅದಕ್ಕೆ ಸಲ್ಲದ ಕಾಯಕವನ್ನು ಅದರ ಮೇಲೆ ಹೊರಿಸಿದವರು ನಾವು. ಮಕ್ಕಳಿಗೆ ಏನನ್ನಾದರೂ ಕೊಡಿಸುವ ಮುನ್ನ ಅವರನ್ನು ಕುಳ್ಳಿರಿಸಿಕೊಂಡು ಒಂದು ಗಳಿಗೆ ಕೇಳಿರೆಂದು ಓದುಗ ಬಂಧುಗಳಲ್ಲಿ ಬಿನ್ನಹ.