ಲಿಪ್‌ಸ್ಟಿಕ್ ಡಬ್ಬಿಯ ಗಿಟಾರು

ತಿಂಗಳಿಂದ ತಲೆಯಲ್ಲಿ ಒಂದೇ ಹುಳ... ಡ್ಯಾನೆಲೆಕ್ಟ್ರೋ 59 ತಗೊಳ್ಳೋದಾ, ಬೇಡ್ವಾ?

ಹೊಸದೇ, ಆದ್ರೆ ಹಳೇ ಮಾದರಿಯ ಮರುಹುಟ್ಟು. ಅಮೆರಿಕದ ನೇಥನ್ ಡೇನಿಯಲ್ 1947ರಲ್ಲಿ ಶುರು ಮಾಡಿದ ಕಂಪನಿ ಇದು. 1950ರ ದಶಕದಲ್ಲಿ ಆತ ದುಬಾರಿ ಗಿಟಾರ್ ಕೊಳ್ಳಲಾಗದ ಹುಡುಗರಿಗೆ ಅಗ್ಗದ್ದು ಮಾಡಿಕೊಟ್ಟ. ಮರದ ಚೌಕಟ್ಟು, ಹಿಂದೆ ಮುಂದೆ ಮ್ಯಾಸೊನೈಟ್ ಹಲಗೆ. ತಂತಿಯ ಕಂಪನ ಹಿಡಿಯೋ ಪಿಕಪ್ಪನ್ನಂತೂ ಲಿಪ್‌ಸ್ಟಿಕ್ ಡಬ್ಬಿಯೊಳಗೆ ತುರುಕಿದ! ಸಿಯರ್ಸ್ ಅಂಗಡಿಯವರು ಸಿಲ್ವರ್‌ಟೋನ್ ಹೆಸರಲ್ಲಿ ಇವನ ಗಿಟಾರು ಮಾರಿದರು. ಲೆಡ್ ಜೆಪ್ಪೆಲಿನ್‌ನ ಜಿಮ್ಮಿ ಪೇಜ್ ಕೂಡ ಡ್ಯಾನೆಲೆಕ್ಟ್ರೋ ನುಡಿಸಿದ. 1969ರಲ್ಲಿ ಕಾರ್ಖಾನೆ ಮುಚ್ಚಿತು. 1990ರ ದಶಕದ ಕೊನೆಗೆ ಬೇರೆಯವರು ಅದೇ ಹೆಸರು, ಅದೇ ರೂಪಕ್ಕೆ ಮತ್ತೆ ಜೀವ ಕೊಟ್ಟರು.

ಅಂದಿನ ಜುಗಾಡೇ ಇಂದಿನ ಫ್ಯಾಷನ್ನು :) ನಮ್ಮಜ್ಜನ ಮನೇಲಿದ್ದದ್ದು ರೇಡಿಯೋ. ಆ ಹಳೇ ಅಮೆರಿಕದ ನೆನಪು ನನ್ನದಲ್ಲ, ಆದ್ರೂ ಮನಸ್ಸು ಎಳೀತಿದೆ.

ಆದ್ರೆ ಆಂಪ್ ಸೇರಿದ್ರೆ ಆಪತ್ತಿಗೆ ಅಂತ ಎತ್ತಿಟ್ಟ ದುಡ್ಡಿಗೇ ಕೈ ಹಾಕಬೇಕು. ಆಫೀಸಲ್ಲೋ, ಆಗಾಗ ಒಂದೊಂದು ಕುರ್ಚಿ ಖಾಲಿಯಾಗ್ತಿದೆ. ಮೀಟಿಂಗು, ಟ್ರಾಫಿಕ್ಕು ಕಳೆದು ನನಗಂತ ಉಳಿಯೋದು ಅರ್ಧ ಗಂಟೆ. ಮನೇಲಿರೋ ಅಕೂಸ್ಟಿಕ್‌ನಲ್ಲಿ ಎಫ್ ಕಾರ್ಡ್ ಇನ್ನೂ ಸೌಟು ಬಡಿದ ಹಾಗೆ ಕೇಳುತ್ತೆ.

ಡೇನಿಯಲ್ ಲೆಕ್ಕ ನಂಗಿಷ್ಟ. ನಾದಕ್ಕೆ ಯಾವುದು ಬೇಕೋ ಅದಕ್ಕೆ ಮಾತ್ರ ಖರ್ಚು. ಅದೇ ಲೆಕ್ಕ ನನಗೂ ಹಾಕಿದ್ರೆ, ಈಗ ಬೇಕಿರೋದು ಗಿಟಾರಲ್ಲ, ಆ ಅರ್ಧ ಗಂಟೆ. ದುಡ್ಡು ಅಲ್ಲೇ ಇರ್ಲಿ. ಎಫ್‌ನ ಆರೂ ತಂತಿ ಸ್ಪಷ್ಟವಾಗಿ ಕೇಳಿದ ದಿನ ಮತ್ತೆ ಯೋಚನೆ ಮಾಡ್ತೀನಿ.

ಪಕ್ಕದ ಮನೆಯವರು ಸ್ವಲ್ಪ ಸಹಿಸ್ಕೋಬೇಕು, ಅಷ್ಟೇ!