ನೆರಳನ್ನು ಕಾದವಳು

ಮೊನ್ನೆ ರಾತ್ರಿ ಉತ್ತರಪತ್ರಿಕೆಗಳ ಕಂತೆಯನ್ನು ಬದಿಗೆ ಸರಿಸಿ, ನೂರು ವರ್ಷಗಳಿಗೂ ಹಿಂದಿನದೊಂದು ಫ್ರೆಂಚ್ ಮೂಕಿಚಿತ್ರವನ್ನು ನೋಡುತ್ತ ಕುಳಿತಿದ್ದೆ. "ಮಾತೇ ಇಲ್ಲದ ಚಿತ್ರವನ್ನು ಇಷ್ಟು ಕಿವಿಗೊಟ್ಟು ನೋಡುತ್ತಿದ್ದೀರಲ್ಲ!" ಎಂದು ನನ್ನ ಪತ್ನಿ ನಕ್ಕಳು. ಆಕೆಯ ಮಾತು ಸುಳ್ಳಲ್ಲ. ತೆರೆಯ ಮೇಲಿನ ಆ ಹೆಣ್ಣಿನ ಕಪ್ಪು ಕಣ್ಣುಗಳು ನಿಜಕ್ಕೂ ಮಾತನಾಡುತ್ತಿದ್ದವು.

ಅವಳ ಹೆಸರು ಮ್ಯುಸಿಡೋರಾ. 1889ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ ಅವಳ ನಿಜನಾಮ ಝಾನ್ ರೋಕ್. ರಂಗದ ಹೆಸರು ಗೋತಿಯೇ ಎಂಬ ಸಾಹಿತಿಯ ಕಾದಂಬರಿಯೊಂದರ ನಾಯಿಕೆಯಿಂದ ಪಡೆದ ಎರವಲು. 1915ರಲ್ಲಿ, ಮಹಾಯುದ್ಧದ ನಡುವೆಯೇ, ಲೂಯಿ ಫೊಯ್ಯಾದ್ ಎಂಬ ನಿರ್ದೇಶಕನು ಗೋಮಾನ್ ಸಂಸ್ಥೆಗಾಗಿ 'ಲೆ ವಾಂಪೀರ್' ಎಂಬ ಹತ್ತು ಕಂತುಗಳ ಚಿತ್ರವನ್ನು ತೆರೆಗೆ ತಂದನು. ಧಾರಾವಾಹಿಗಾಗಿ ವಾರವಿಡೀ ಕಾಯುವ ಓದುಗರಿಗೆ ಕಂತಿನ ಮಹಿಮೆಯನ್ನು ನಾನು ವಿವರಿಸಬೇಕಾಗಿಲ್ಲ. ಪ್ಯಾರಿಸ್ಸನ್ನು ನಡುಗಿಸುವ ಕಳ್ಳರ ಕೂಟದಲ್ಲಿ ಮ್ಯುಸಿಡೋರಾಳದು ಇರ್ಮಾ ವೆಪ್ ಎಂಬ ಪಾತ್ರ. ಒಂದು ದೃಶ್ಯದಲ್ಲಿ ಭಿತ್ತಿಪತ್ರದ ಮೇಲಿನ ಆ ಹೆಸರಿನ ಅಕ್ಷರಗಳು ಸ್ಥಳ ಬದಲಿಸಿ 'ವಾಂಪೀರ್' ಆಗಿಬಿಡುತ್ತವೆ. ರೋಮನ್ ಲಿಪಿಯ ಈ ಚಮತ್ಕಾರ ನಮ್ಮ ಕಾಗುಣಿತಕ್ಕೆ ಒಗ್ಗದು! ಮೈಗಂಟಿದ ಕಪ್ಪು ಉಡುಪಿನ ಆ ಕಳ್ಳಿಗೆ ಬ್ರೆತೋನ್, ಅರಗೋನ್‌ರಂಥ ತರುಣ ಕವಿಗಳು ಮನಸೋತರು.

ಅವಳು ನಟನೆಗಷ್ಟೇ ತೃಪ್ತಳಾಗಲಿಲ್ಲ. ಗೆಳತಿ ಕೊಲೆತ್ ರಚಿಸಿದ ಕಥೆಯನ್ನು 1918ರಲ್ಲಿ ಚಿತ್ರವಾಗಿಸಲು ಮುಂದಾದಳು. ಅದು ಇಂದು ಉಳಿದಿಲ್ಲ. ಸ್ಪೇನಿಗೆ ಹೋಗಿ 1922ರಲ್ಲಿ 'ಬಿಸಿಲು ಮತ್ತು ನೆರಳು' ಎಂಬರ್ಥದ ಚಿತ್ರವನ್ನು ಸಹನಿರ್ದೇಶಿಸಿ, ಅದರಲ್ಲಿ ದ್ವಿಪಾತ್ರವನ್ನೂ ವಹಿಸಿದಳು. ಆದರೆ ಆ ದಶಕ ಮುಗಿಯುವ ಮುನ್ನವೇ ತೆರೆಯ ಮೇಲಿನ ಅವಳ ನಟನಾಜೀವನ ಬಹುಮಟ್ಟಿಗೆ ಮುಗಿದುಹೋಯಿತು.

ಮುಂದೆ 1940ರ ದಶಕದಲ್ಲಿ ಅವಳು ಆಂರಿ ಲಾಂಗ್ಲ್ವಾ ಸ್ಥಾಪಕರಲ್ಲೊಬ್ಬನಾಗಿದ್ದ ಸಿನೆಮಾತೆಕ್ ಫ್ರಾಂಸೇಜ್ ಎಂಬ ಚಿತ್ರಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ಚಿತ್ರಗಳ ಕಾಲದವರ ನೆನಪುಗಳನ್ನು ಸಂಗ್ರಹಿಸುವುದರಲ್ಲಿ ತೊಡಗಿದಳು. ಕೆಲವೊಮ್ಮೆ ಟಿಕೆಟ್ ಕೊಡುವ ಕಿಟಕಿಯಲ್ಲಿಯೂ ಕುಳಿತಿರುತ್ತಿದ್ದಳಂತೆ. 1957ರಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಇದನ್ನು ತಿಳಿದಾಗ ನನಗೆ ಮೊದಲು ಮರುಕವುಂಟಾಯಿತು. ಊರಿಗೆ ಊರೇ ಬೆರಗಾಗಿ ನೋಡಿದವಳು ಕೊನೆಗೆ ಟಿಕೆಟ್ ಹರಿದುಕೊಡುವುದೇ? ಆ ಮರುಕ ಅವಳಿಗಾಗಿಯೋ ನನಗಾಗಿಯೋ ಎಂಬ ಸಂಶಯ ಆಮೇಲೆ ಮೂಡಿತು. ವಿದ್ಯಾರ್ಥಿದೆಸೆಯಲ್ಲಿ ನಾನೂ ಕವಿಯಾಗಹೊರಟವನೇ. ನನ್ನ ಕವನಗಳ ಕೈಬರಹದ ಪುಸ್ತಕ ಇಂದು ಅಟ್ಟದ ಮೇಲಿದೆ. ಪರರ ಕಾವ್ಯವನ್ನು ಪಾಠ ಹೇಳುವುದೇ ನನ್ನ ಜೀವನವಾಗಿದೆ. ಇದನ್ನು ಸೋಲೆಂದು ಒಳಗೊಳಗೇ ಎಣಿಸುತ್ತ ಬಂದಿದ್ದೆ.

ಆದರೆ ಯೋಚಿಸಿರಿ: ಹಳೆಯ ರೀಲುಗಳನ್ನು ಕಸವೆಂದು ಎಸೆಯದೆ ಯಾರೋ ಕಾದಿಟ್ಟುದರಿಂದಲೇ ಆ ಕಣ್ಣುಗಳು ನನ್ನ ಮನೆಯವರೆಗೂ ಬಂದವು. ಓಲೆಗರಿಗಳನ್ನು ಪ್ರತಿಮಾಡಿದ ಅನಾಮಧೇಯರು ಇಲ್ಲದಿದ್ದರೆ ಪಂಪನೂ ನಮಗೆ ಸಿಗುತ್ತಿರಲಿಲ್ಲ. ಕಳೆದ ವಾರ ಅದೇ ಪಂಪನ ಪದ್ಯವೊಂದನ್ನು ಓದುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ್ದಳು.

ಚಿತ್ರ ಮುಗಿಯಿತು. ದೀಪ ಹೊತ್ತಿಸಿ ಉತ್ತರಪತ್ರಿಕೆಗಳ ಕಂತೆಯನ್ನು ಮತ್ತೆ ಹತ್ತಿರಕ್ಕೆಳೆದುಕೊಂಡೆ. ಅಂದು ಅದು ಅಷ್ಟು ಭಾರವೆನಿಸಲಿಲ್ಲ.